ಕೊರಳಲ್ಲಿದ್ದ ಸವತಿ

ಮೊಮ್ಮಕ್ಕಳು ದೆವ್ವದ ಕಥೆ ಹೇಳು ಅಂತ ಗಂಟುಬಿದ್ದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತೇನೆ: ಕಥೆ ಯಾಕ್ರೋ, ನಾನು ಎರಡು ವರ್ಷ ದೆವ್ವವನ್ನು ಕೊರಳಿಗೆ ಕಟ್ಟಿಕೊಂಡೇ ಸಂಸಾರ ಮಾಡಿದವಳು. ಅವರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ನಗುವಂಥದ್ದೂ ಅದರಲ್ಲಿ ಬೇಕಾದಷ್ಟಿದೆ.

ಕನ್ನಡ ನಾಡು ಒಂದಾದ ಮರುವರ್ಷ ನನ್ನ ಮದುವೆ. ತವರು ಮಲೆಬೆನ್ನೂರಿನ ಪಕ್ಕದ ಹಳ್ಳಿ. ಮನೆಗೆ ನಾನೇ ಹಿರಿಮಗಳು, ನನ್ನ ಕೆಳಗೆ ಐದು ಜನ. ಅವರಲ್ಲಿ ಒಬ್ಬರಲ್ಲ ಒಬ್ಬರು ಸದಾ ನನ್ನ ಸೊಂಟದ ಮೇಲೆ ಇರುತ್ತಿದ್ದರು. ಹತ್ತೊಂಬತ್ತು ತುಂಬಿದಾಗ ನನ್ನನ್ನು ದಾವಣಗೆರೆ ಹಳೇಪೇಟೆಯ ಒಬ್ಬ ಬಟ್ಟೆ ವ್ಯಾಪಾರಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಅವರ ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡು ಒಂದೂವರೆ ವರ್ಷ ಕಳೆದಿತ್ತು. ಮನೆಯಲ್ಲಿ ಅತ್ತೆ ಒಬ್ಬರೇ, ಜೊತೆಗೆ ಐದು ವರ್ಷದ ಒಂದು ಹೆಣ್ಣುಕೂಸು ಅಂತ ಅಪ್ಪ ಹೇಳಿದ್ದ. ನನಗೆ ಅದೇ ಸಮಾಧಾನ. ಗಂಡನ ಮನೆಯಲ್ಲಿ ಬೇರೆ ಏನಿರಲಿ ಬಿಡಲಿ, ಎತ್ತಿಕೊಳ್ಳಲು ಒಂದು ಕೂಸಿದೆಯಲ್ಲ ಅಂದುಕೊಂಡು ಬಂದೆ.

ಬಂದು ನೋಡಿದರೆ ಕೂಸೇ ಇಲ್ಲ. ಮದುವೆಗೆ ಒಂದು ವಾರ ಮುಂಚೆ ಹರಿಹರದಿಂದ ಅದರ ತಾಯಿಯ ತಾಯಿ ಬಂದು ಕರೆದುಕೊಂಡು ಹೋಗಿದ್ದರು. "ಮಲತಾಯಿ ಕೈಗೆ ನನ್ನ ಮಗಳ ಕೂಸು ಕೊಡಂಗಿಲ್ಲ" ಅಂತ ಬಾಗಿಲಲ್ಲೇ ನಿಂತು ಹೇಳಿ ಹೋದರಂತೆ. ನನ್ನ ಮುಖ ನೋಡಿದ್ದರೆ, ನಾನು ಒಂದು ಮಾತು ಬೈದಿದ್ದರೆ, ಹೋಗಲಿ ಅನ್ನಬಹುದಿತ್ತು. ನಾನಿನ್ನೂ ಅರಿಶಿನ ಹಚ್ಚಿಸಿಕೊಂಡು ಕೂತಿದ್ದೆ, ಆಗಲೇ ಮಲತಾಯಿ ಪಟ್ಟ ಕಟ್ಟಿಬಿಟ್ಟಿದ್ದರು. ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತ ಹೆಂಗಸರು ನನಗೆ ಕೇಳುವ ಹಾಗೇ "ಹೊಸಾಕಿ ಬಂದ್ಲು, ಕೂಸು ಹೋತು" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕೂಸನ್ನು ಈ ಮನೆಗೆ ತಂದೇ ತರುತ್ತೇನೆ ಅಂತ ಆಗಲೇ ಹಟ ತೊಟ್ಟೆ. ಮೊದಮೊದಲು ಅದು ಬರೀ ಹಟವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕೂಸು ಇಲ್ಲದಿದ್ದರೂ ಅದರ ತಾಯಿ ಮಾತ್ರ ಮನೆಯಲ್ಲೇ ಇದ್ದಳು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಹೆಂಡತಿ ಸತ್ತು ಎರಡನೆಯವಳನ್ನು ತಂದರೆ, ಸತ್ತವಳು ಹೊಸಬಳನ್ನು ಕಾಡಬಾರದು ಅಂತ ಆಕೆಯ ಮುಖ ಮೂಡಿಸಿದ ಒಂದು ಚಿನ್ನದ ಬಿಲ್ಲೆ ಮಾಡಿಸಿ ಹೊಸಬಳ ಕೊರಳಿಗೆ ಹಾಕುತ್ತಿದ್ದರು. ಅದಕ್ಕೆ ಸವತಿ ಬಿಲ್ಲೆ ಅನ್ನುತ್ತಿದ್ದರು. ನಾಲ್ಕಾಣೆಯಷ್ಟು ಅಗಲ. ಅದರ ಮೇಲೆ ಒಂದು ದುಂಡು ಮುಖ, ಎರಡು ಕಣ್ಣು, ಒಂದು ಗೀರಿನಂಥ ಮೂಗು. ಮುಖ ಆಕೆಯದೇ ಅಂತ ಹೇಳಿದರೂ ಅಕ್ಕಸಾಲಿಗ ಎಲ್ಲ ಸವತಿಯರಿಗೂ ಒಂದೇ ಅಚ್ಚು ಹೊಡೆಯುತ್ತಿದ್ದ ಅನ್ನುವುದು ನನ್ನ ಅನುಮಾನ. ಹೀಗೆ ನನ್ನ ಕೊರಳಲ್ಲಿ ಲಿಂಗ, ತಾಳಿ, ಅವೆರಡರ ನಡುವೆ ಸವತಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು.

ಬರೀ ಹಾಕಿಕೊಂಡರೆ ಮುಗಿಯಲಿಲ್ಲ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಹೂವು ಮುಡಿಯುವ ಮೊದಲು ಒಂದು ಎಸಳು ಆಕೆಗೆ. ಹಬ್ಬದ ಹೋಳಿಗೆಯಲ್ಲಿ ಮೊದಲ ಚೂರು ಆಕೆಗೆ. ನಮ್ಮನೆಯವರದು ಬಟ್ಟೆ ಅಂಗಡಿ, ಅವರು ಪ್ರೀತಿಯಿಂದ ಒಂದು ಸೀರೆ ತಂದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಅಕಿಗೆ ತೋರಿಸಿದೇನೇ?" ನಾನು ಒಳಗೆ ಹೋಗಿ, ಬಿಲ್ಲೆಯನ್ನು ಸೆರಗಿನ ಮೇಲೆ ಇಟ್ಟು, "ಅಕ್ಕಾ, ನೋಡ್ಕೊಂಡು ಬೇಗ ಕೊಡು, ನಂಗೆ ಕೆಲಸ ಐತೆ" ಅನ್ನುತ್ತಿದ್ದೆ. ಹೀಗೆ ಮಾತಿಗೆ ಮಾತು ಸೇರಿ ಆಕೆ ನನಗೆ ಅಕ್ಕನೇ ಆಗಿಬಿಟ್ಟಳು. ಅನ್ನ ಸೀದರೆ ಆಕೆಯನ್ನೇ ಬೈಯುತ್ತಿದ್ದೆ. ಅತ್ತೆ ಮೇಲಿನ ಸಿಟ್ಟನ್ನೂ ಆಕೆಯ ಮುಂದೆಯೇ ತೋಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನನ್ನ ಮಾತಿಗೆ ಎದುರಾಡದೆ ಇದ್ದವಳು ಆಕೆಯೊಬ್ಬಳೇ.

ಅತ್ತೆ ಗಟ್ಟಿ ಹೆಂಗಸು. ಸಂತೆಯಲ್ಲಿ ನಿಂತರೆ ಎಂಥ ವ್ಯಾಪಾರಿಯೂ ಅವರ ಮುಂದೆ ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದ. ಆದರೆ ಸಂಜೆಯಾಗಿ ದೀಪ ಹಚ್ಚುವ ಹೊತ್ತು ಬಂತೆಂದರೆ ಹಿತ್ತಲ ಕಡೆ ಮುಖ ಮಾಡುತ್ತಿರಲಿಲ್ಲ.

"ಹಿತ್ತಲ ಬಾಗಿಲಾಗೆ ನಿಂತಿರ್ತಾಳೆ ಕಣೇ" ಅಂತ ನನಗೆ ಮೊದಲ ತಿಂಗಳಲ್ಲೇ ಹೇಳಿದ್ದರು. "ಕೈಯಾಗೆ ಒಂದು ಬಟ್ಟೆ ಗಂಟು. ಮಾತಿಲ್ಲ, ಕತೆಯಿಲ್ಲ. ಸುಮ್ನೆ ನನ್ನೇ ನೋಡ್ತಾಳೆ."

ಪಕ್ಕದ ಮನೆಯವರೆಲ್ಲ ಅದಕ್ಕೆ ಅರ್ಥ ಹಚ್ಚಿದ್ದರು: ಕೂಸು ಇಲ್ಲಿಲ್ಲ, ಅದಕ್ಕೇ ಹುಡುಕಿಕೊಂಡು ಬರುತ್ತಾಳೆ, ಕೂಸು ಬಂದರೆ ಶಾಂತವಾಗುತ್ತಾಳೆ. ಅತ್ತೆ ಆ ಮಾತಿಗೆ ಹ್ಞೂಂ ಅನ್ನುತ್ತಲೂ ಇರಲಿಲ್ಲ, ಉಹುಂ ಅನ್ನುತ್ತಲೂ ಇರಲಿಲ್ಲ. ನಮ್ಮನೆಯವರು ಮಾತ್ರ "ಲಿಂಗ ಕಟ್ಟಿದೋರಿಗೆ ದೆವ್ವ ಎಲ್ಲಿಂದ ಬರ್ತೈತೆ, ಸುಮ್ನಿರ್ರಿ" ಅನ್ನುತ್ತಿದ್ದರು. ಆದರೆ ಅಂಗಡಿಯಿಂದ ಬಂದು ಹಿತ್ತಲಿಗೆ ಕಾಲು ತೊಳೆಯಲು ಹೋಗುವಾಗ ಹತ್ತು ಸಲ ಜೋರಾಗಿ ಕೆಮ್ಮಿಕೊಂಡೇ ಹೋಗುತ್ತಿದ್ದರು. ಕೆಮ್ಮು ಯಾರಿಗಂತ ನನಗೆ ಗೊತ್ತಿರಲಿಲ್ಲವೇ?

ಎರಡು ವರ್ಷದಲ್ಲಿ ಮೂರು ಸಲ ಹರಿಹರಕ್ಕೆ ಹೇಳಿ ಕಳಿಸಿದೆವು. ಮೂರು ಸಲವೂ ಉತ್ತರ ಅದೇ. ನಾಲ್ಕನೇ ಸಲ ನಾನೇ ಹೋಗುತ್ತೇನೆ ಅಂದೆ. ಶಾಲೆ ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ಎರಡನೆಯವಳು ಮೊದಲನೆಯವಳ ತವರಿಗೆ ಹೋಗಿ ಮಗಳು ಅನ್ನಿಸಿಕೊಂಡು ಉಡಿ ತುಂಬಿಸಿಕೊಂಡು ಬರಬೇಕು, ಅದೂ ನಮ್ಮಲ್ಲಿ ನಡೆದುಬಂದದ್ದೇ. ಅವರು ಕರೆಯಲಿಲ್ಲವೆಂದು ಅದು ಹಾಗೇ ಉಳಿದಿತ್ತು. ಕರೆಯದಿದ್ದರೆ ಹೋಗಬಾರದೇನು? ಒಂದು ಡಬ್ಬಿ ಕರಜಿಕಾಯಿ, ಒಂದು ಗಂಟು ಮಂಡಕ್ಕಿ ಕಟ್ಟಿಕೊಂಡು ಹೊರಟೆ. ನಮ್ಮನೆಯವರು ರೈಲಿನಲ್ಲಿ ಕರೆದುಕೊಂಡು ಹೋಗಿ, ಹೊಳೆಗೆ ಇಳಿಯುವ ಬೀದಿಯ ಆ ಮನೆಯ ಮುಂದೆ ನನ್ನನ್ನು ಬಿಟ್ಟು, ಎರಡು ದಿನ ಬಿಟ್ಟು ಬರುತ್ತೇನೆ ಅಂತ ಹೇಳಿ ಅಲ್ಲಿಂದ ಕಾಲು ಕಿತ್ತರು.

ಹರಿಹರದವ್ವ (ಕೂಸಿನ ಅಜ್ಜಿಯನ್ನು ನಾನು ಕೊನೆಯವರೆಗೂ ಹಾಗೇ ಕರೆದದ್ದು) ತೆಳ್ಳಗೆ, ಎತ್ತರಕ್ಕೆ, ಹಣೆ ತುಂಬ ವಿಭೂತಿ. ಮಗ ಸೊಸೆ ಪಕ್ಕದ ಅಂಕಣದಲ್ಲೇ ಇದ್ದರು. ಅವ್ವ ನನ್ನನ್ನು ನೋಡಿ "ಬರ್ರಿ, ಕೂಡ್ರಿ, ನೀರು ತಗೊಳ್ರಿ" ಅಂದರು. ಮನೆಮಗಳಿಗೆ ಯಾರಾದರೂ ಬರ್ರಿ ಅನ್ನುತ್ತಾರೆಯೇ? ಬೀಗರ ಕಡೆಯವರಿಗೆ ಕೊಡುವ ಮರ್ಯಾದೆಯನ್ನು ಅಳೆದು ಕೊಟ್ಟರು, ಅದರ ಮೇಲೆ ಒಂದು ಗುಲಗಂಜಿಯಷ್ಟೂ ಇಲ್ಲ. ಕೂಸಿನ ಮಾತೆತ್ತಿದೆ. "ಅದೊಂದು ಮಾತು ಬಿಟ್ಟು ಬೇರೆ ಏನಾರ ಮಾತಾಡ್ರಿ" ಅಂದುಬಿಟ್ಟರು.

ಸಂಜೆ ನಾನು ಜಗುಲಿಗೆ ಬಂದೆ. ಏಳು ವರ್ಷದ ಆ ಹುಡುಗಿ ಕಂಬಕ್ಕೆ ಒರಗಿ ಹೊಳೆಯ ಕಡೆ ನೋಡುತ್ತಾ ಕೂತಿತ್ತು. ಎರಡು ಜಡೆ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮಧ್ಯಾಹ್ನದಿಂದ ನನ್ನನ್ನು ದೂರದಿಂದಲೇ ಅಳೆಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ, ಮಂಡಕ್ಕಿ ಕೊಟ್ಟೆ. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿತು:

"ನಮ್ಮವ್ವ ನಿಮ್ಮನಿಗೆ ಬರ್ತಾಳಂತೆ, ಹೌದಾ?"

"ಯಾರಂದ್ರು?"

"ಎಲ್ಲಾರೂ ಅಂತಾರೆ. ದಾವಣಗೆರಿ ಹಿತ್ತಲಾಗೆ ನಿಂತಿರ್ತಾಳಂತೆ." ಮತ್ತೆ ನಾಲ್ಕು ಕಾಳು ತಿಂದು ಹೇಳಿತು: "ಇಲ್ಲಿಗೆ ಯಾಕ ಬರಲ್ಲ? ನಾನು ದಿನಾ ಕಾಯ್ತೀನಿ. ಊಟ ಮಾಡ್ಲಿಲ್ಲಂದ್ರೆ ಹೊಳಿ ಕಡಿಂದ ನಿಮ್ಮವ್ವ ಬರ್ತಾಳೆ ಅಂತ ಅಜ್ಜಿ ಅಂತಾಳೆ. ಊಟ ಬಿಟ್ಟೂ ನೋಡೀನಿ. ಬರಲ್ಲ."

ನನ್ನ ಹಟ ಗಿಟವೆಲ್ಲ ಅಲ್ಲೇ ಕರಗಿ ನೀರಾಯಿತು. ಊರೆಲ್ಲ ಹೆದರುವ ದೆವ್ವಕ್ಕಾಗಿ ಈ ಕೂಸು ಜಗುಲಿಯ ಮೇಲೆ ಕಾಯುತ್ತಾ ಕೂತಿದೆ, ನಮ್ಮ ಮನೆಗೆ ಬರುವವಳು ತನ್ನ ಹತ್ತಿರ ಬರುವುದಿಲ್ಲ ಅಂತ ಅದಕ್ಕೆ ಹೊಟ್ಟೆಕಿಚ್ಚು. ಏನು ಮಾಡುತ್ತಿದ್ದೇನೆ ಅಂತ ಯೋಚನೆಯೂ ಮಾಡದೆ ಕೊರಳಿನಿಂದ ಬಿಲ್ಲೆಯ ದಾರ ತೆಗೆದು ಅದರ ಕೊರಳಿಗೆ ಹಾಕಿದೆ.

"ಇಕಾ, ಇಲ್ಲೇ ಅದಾಳೆ ನಿಮ್ಮವ್ವ. ಇವತ್ತು ನಿನ್ನ ಹತ್ರ ಇರ್ಲಿ."

ಕೂಸು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿತು. ಆಮೇಲೆ ಅಂಗಿಯ ಒಳಗೆ ಹಾಕಿಕೊಂಡು, ಯಾರಿಗೂ ಹೇಳಬ್ಯಾಡ ಅನ್ನುವ ಹಾಗೆ ನನ್ನ ಕಡೆ ಕಣ್ಣು ಹೊಡೆಯಿತು. ನಾನೂ ಹೊಡೆದೆ. ಎರಡು ವರ್ಷದಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ.

ಬೆಳಗ್ಗೆ ಎದ್ದರೆ ಕೂಸಿಗೆ ಮೈ ಕೆಂಡ. ಕಿವಿಯ ಕೆಳಗೆ ಎರಡೂ ಕಡೆ ಕೊರಳು ಬುರುಬುರು ಊದಿತ್ತು. ಹರಿಹರದವ್ವ ಕೊರಳು ನೋಡಲು ಅಂಗಿಯ ಗುಂಡಿ ಬಿಚ್ಚಿದರು, ಬಿಲ್ಲೆ ಕಂಡಿತು. ಆಗ ಅವರು ಹಾಕಿದ ಕೂಗಿಗೆ ಪಕ್ಕದ ಅಂಕಣದಿಂದ ಮಗ ಸೊಸೆ ಇಬ್ಬರೂ ಓಡಿ ಬಂದರು.

"ಅಯ್ಯೋ ಶಿವನೇ! ಸವತಿ ಬಿಲ್ಲೆನ ಅಕಿ ಹೆತ್ತ ಕೂಸಿನ ಕೊರಳಿಗೇ ಹಾಕ್ತಾರೇನ್ರಿ? ತಗೋ, ಕರಕೊಂಡು ಹೋಗು ಅಂತ ಸತ್ತಾಕಿ ಕೈಗೆ ಕೊಟ್ಟಂಗೆ! ನೋಡ್ರಿ ಇಲ್ಲಿ, ದಾರ ಇದ್ದ ಜಾಗದಾಗೇ ಊದೈತೆ!"

ದಾರ ಇದ್ದ ಜಾಗದಲ್ಲೇ ಊದಿತ್ತು, ಅದಂತೂ ನಿಜ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಅದನ್ನು ಹೇಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಎರಡು ವರ್ಷ ಅಕ್ಕಾ ಅಕ್ಕಾ ಅಂತ ಹರಟೆ ಹೊಡೆದವಳು ನನ್ನ ಕೈಯಿಂದಲೇ ತನ್ನ ಕೂಸನ್ನು ಕರೆಸಿಕೊಂಡುಬಿಟ್ಟಳೇ ಅಂತ ನಾನೂ ಆ ಕ್ಷಣ ನಂಬಿಬಿಟ್ಟೆ. ಹರಿಹರದವ್ವ ಬಿಲ್ಲೆಯನ್ನು ಸೆರಗಿನಲ್ಲಿ ಹಿಡಿದು ದೇವರ ಗೂಡಿನಲ್ಲಿಟ್ಟು ಮೇಲೆ ವಿಭೂತಿ ಉದುರಿಸಿದರು. "ಮಧ್ಯಾಹ್ನದ ಗಾಡಿಗೆ ಹೊಂಡ್ರಿ" ಅಂದರು.

"ಹೋಗಂಗಿಲ್ರಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹಾಕಿದಾಕಿ ನಾನು. ಕೂಸು ಎದ್ದು ಓಡಾಡೋ ತನಕ ಈ ಹೊಸ್ತಿಲು ದಾಟಲ್ಲ. ಬೇಕಾದ್ರೆ ಹೊಡೀರಿ."

ಹೊಡೆಯಲಿಲ್ಲ. ನಾನು ಕೂಸಿನ ಹಾಸಿಗೆಯ ಪಕ್ಕ ಕೂತುಬಿಟ್ಟೆ. ಮಧ್ಯಾಹ್ನ ಬಂದ ಡಾಕ್ಟರು ಬಾಗಿಲಿನಿಂದಲೇ ನೋಡಿ "ಮಂಗನಬಾವು, ಒಂದು ವಾರದಾಗೆ ಇಳೀತೈತೆ" ಅಂತ ಹೇಳಿ ಹೋದರು. ಹರಿಹರದವ್ವ ನಂಬಲಿಲ್ಲ. ನಮ್ಮನೆಯವರು ಎರಡು ದಿನ ಬಿಟ್ಟು ಬಂದರು, ಕೂಸನ್ನು ನೋಡಿ, ನನ್ನ ಮುಖ ನೋಡಿ, ಅತ್ತೆಗೆ ಏನೋ ಒಂದು ಹೇಳುತ್ತೇನೆ ಅಂತ ವಾಪಸು ಹೋದರು. ನಾನು ಕೆಮ್ಮಣ್ಣು ಕಲಸಿ ಕೂಸಿನ ಕೆನ್ನೆಗೆ ಹಚ್ಚುತ್ತಿದ್ದೆ, ಗಂಜಿಯನ್ನು ಬೆರಳಿನಲ್ಲಿ ನೆಕ್ಕಿಸುತ್ತಿದ್ದೆ. ಜ್ವರ ಇಳಿದ ಮೇಲೆ ಅದು ಕೇಳಿದ ಮೊದಲ ಮಾತು: "ಅವ್ವನ್ನ ಯಾಕ ಗೂಡಿನಾಗೆ ಇಟ್ಟೀರಿ? ಅಕಿ ಏನ್ ಮಾಡ್ಯಾಳೆ?" ಅಜ್ಜಿ ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ಬೀದಿಯಲ್ಲಿ ಒಂದೊಂದೇ ಮನೆಯ ಮಕ್ಕಳಿಗೆ ಕೆನ್ನೆ ಊದತೊಡಗಿತು. ಎದುರುಮನೆಯ ಅವಳಿಗಳಿಗೆ, ಅಂಗಡಿಯವನ ಮಗಳಿಗೆ, ಗುಡಿಯ ಹಿಂದಿನ ಮನೆಯ ಮೂವರಿಗೆ. ಇವರ ಕೊರಳಲ್ಲೆಲ್ಲ ಯಾವ ಸವತಿ ಇದ್ದಳು? ಹರಿಹರದವ್ವನ ಬಾಯಿಂದ ಬಿಲ್ಲೆಯ ಮಾತು ಕಡಿಮೆಯಾಯಿತು. ಆದರೆ ಕೂಸನ್ನು ಕೊಡುವ ಮಾತಿಗೆ ಮಾತ್ರ ಅವರು ಕಲ್ಲು. ಹದಿನೈದು ದಿನ ಕಳೆದು ಕೂಸು ಕುಂಟೆಬಿಲ್ಲೆ ಆಡತೊಡಗಿದ ಮೇಲೆ ಹೇಳಿದರು:

"ಕೂಸು ಉಳೀತಲ್ಲ, ಸಾಕು. ನೀವು ಕೆಟ್ಟೋರು ಅಂತ ನಾನನ್ನಂಗಿಲ್ಲ. ಆದ್ರೆ ಕೊಡಂಗಿಲ್ಲ. ನಾಳೆ ನಮ್ಮ ಹುಡುಗ ನಿಮ್ಮನ್ನ ಗಾಡಿಗೆ ಹತ್ತಿಸ್ತಾನೆ."

ಇನ್ನೇನು ಮಾಡಲಿ? ಸೋತೆ ಅಂದುಕೊಂಡೆ. ಗಂಟು ಕಟ್ಟಿಕೊಂಡೆ. ಕೂಸು ನನ್ನ ಸೀರೆಯ ನೆರಿಗೆ ಹಿಡಿದು "ಇನ್ನೊಂದು ದಿನ ಇರೇ" ಅಂತ ಅಂದಿತು. ಅದನ್ನು ಕೇಳಿ ಆ ಸಂಜೆಯೆಲ್ಲ ಹೊಳೆಯ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದೆ. ಬೆಳಗ್ಗೆ ಎದ್ದು ಆಕಳಿಸಿದರೆ ಬಾಯಿ ತೆರೆಯಲಾಗುತ್ತಿಲ್ಲ! ಕೈಯಿಟ್ಟು ನೋಡಿಕೊಂಡೆ. ಎರಡೂ ಕೆನ್ನೆ ಊದಿ ಕೊರಳು ಎಲ್ಲಿ ಶುರು, ಮುಖ ಎಲ್ಲಿ ಮುಗೀತು ಗೊತ್ತಾಗದ ಹಾಗಾಗಿತ್ತು. ಇಪ್ಪತ್ತೊಂದು ವರ್ಷದ ಕತ್ತೆಗೆ ಮಂಗನಬಾವು!

ಹರಿಹರದವ್ವ ನನ್ನನ್ನು ನೋಡಿದರು. ಕಟ್ಟಿಟ್ಟ ಗಂಟನ್ನು ನೋಡಿದರು. ಗಂಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, "ಮಲಕ್ಕ, ಎದ್ದು ಕುಣೀಬ್ಯಾಡ" ಅಂದರು. ಬರ್ರಿ ಕೂಡ್ರಿ ಅಲ್ಲಿಗೆ ಮುಗಿಯಿತು.

ಮೂರನೇ ದಿನ ಅವರೇ ಕೆಮ್ಮಣ್ಣು ಕಲಸಿಕೊಂಡು ಬಂದು ನನ್ನ ಕೆನ್ನೆಗೆ ಹಚ್ಚುತ್ತಾ ಕೂತಿದ್ದರು. ಕೂಸು ಎದುರಿಗೆ ಕೂತು ನನ್ನ ಮೂತಿ ನೋಡಿ ಕಿಸಿಕಿಸಿ ನಗುತ್ತಿತ್ತು. ಅವ್ವ ಮೆಲ್ಲಗೆ ಕೇಳಿದರು: "ಬಿಲ್ಲೆ ಬಿಚ್ಚಿದಿ ಅಂತ ಸಿಟ್ಟು ಬಂದಿರಬೌದೇನು ಅಕಿಗೆ?"

ನನಗೆ ನೋವು, ಜ್ವರ, ಎಲ್ಲ ಸೇರಿ ರೇಗಿಹೋಯಿತು. ಬಾಯಿ ತೆರೆಯಲಾಗದಿದ್ದರೂ ಹಲ್ಲು ಕಚ್ಚಿಕೊಂಡೇ ಅಂದೆ:

"ಹಾಕ್ಕೊಂಡ ಕೂಸಿಗೂ ಬಂತು, ಬಿಚ್ಚಿದ ನಂಗೂ ಬಂತು, ಬಿಲ್ಲೆನ ಕಣ್ಣಿಂದಲೂ ಕಾಣದ ಎದುರುಮನಿ ಅವಳಿಗಳಿಗೂ ಬಂತು. ಪಾಪ, ನಿಮ್ಮ ಮಗಳು ಇನ್ನೇನು ಮಾಡಬೇಕ್ರಿ? ಸತ್ತ ಮೇಲೂ ಅಕಿಗೊಂದು ಬಿಡುವಿಲ್ಲ!"

ಅವ್ವನ ಕೈ ನನ್ನ ಕೆನ್ನೆಯ ಮೇಲೇ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕೆಮ್ಮಣ್ಣಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು. ಅವರ ಮೂಗೂ ಕೆಂಪಾಯಿತು. ಅದನ್ನು ನೋಡಿ ಕೂಸು ಉರುಳಾಡಿ ನಕ್ಕಿತು. ನನಗೆ ನಗುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ, ದವಡೆ ಹಿಡಿದುಕೊಂಡು ಅಯ್ಯೋ ಅಯ್ಯೋ ಅನ್ನುತ್ತಾ ನಕ್ಕೆ. ನಗುತ್ತ ನಗುತ್ತಲೇ ಅವ್ವ ಅಳತೊಡಗಿದರು.

ಕೂಸನ್ನು ಆಡಲು ಹೊರಗೆ ಕಳಿಸಿ, ನನಗೆ ದಾವಣಗೆರೆಯ ಮನೆಯಲ್ಲಿ ಯಾರೂ ಹೇಳದ ಮಾತನ್ನು ಅವ್ವ ಹೇಳಿದರು. ಮಗಳು ತೀರಿಹೋದ ವರ್ಷ ನಾಗರಪಂಚಮಿಗೆ ಕರೆತರಲು ಅಣ್ಣನನ್ನು ಕಳಿಸಿದ್ದರು. ಪಂಚಮಿಗೆ ಮಗಳು ತವರಿಗೆ ಬಂದು ಜೋಕಾಲಿ ಆಡುವುದು ನಮ್ಮಲ್ಲಿ ಯಾವ ಬಡವರ ಮನೆಯಲ್ಲೂ ತಪ್ಪುವುದಿಲ್ಲ. ಅವಳು ಸೀರೆ ಬಟ್ಟೆ ಗಂಟು ಕಟ್ಟಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳಂತೆ. ಅತ್ತೆ ಅಣ್ಣನಿಗೆ ನೀರು ಕೊಟ್ಟು, "ಸೊಸೆ ಹೋದ್ರೆ ಹಬ್ಬದ ಉಂಡಿ ಯಾರು ಕಟ್ಟಬೇಕು? ಗೌರಿಹಬ್ಬಕ್ಕೆ ಕಳಿಸ್ತೀನಿ, ಒಂಬತ್ತು ಮೈಲಿ, ಎಲ್ಲಿಗೆ ಓಡಿ ಹೋಗ್ತೈತೆ ತವರು" ಅಂದು ಬರಿಗೈಯಲ್ಲಿ ಕಳಿಸಿದರಂತೆ. ಗೌರಿಹಬ್ಬಕ್ಕೆ ಮುಂಚೆಯೇ ಜ್ವರ ಬಂತು. ಅವ್ವನಿಗೆ ಸುದ್ದಿ ಮುಟ್ಟಿ ಅವರು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಂಗೆ ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ" ಅಂದರು. "ಆ ಹೊಸ್ತಿಲ ಮ್ಯಾಲೆ ಸಿಟ್ಟು. ಒಂದು ಹೆಣ್ಣು ಕಳಿಸ್ದೆ, ತಿರುಗಿ ಬರ್ಲಿಲ್ಲ. ಇನ್ನೊಂದನ್ನೂ ಹೆಂಗೆ ಕಳಿಸ್ಲಿ?"

ನನಗೆ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಸಂತೆಯನ್ನೇ ನಡುಗಿಸುವ ಹೆಂಗಸು ದಿನಾ ಸಂಜೆ ಹಿತ್ತಲಿಗೆ ಬೆನ್ನು ಹಾಕಿ ಯಾಕೆ ಕೂರುತ್ತಿದ್ದರು ಅಂತ ಆಗ ತಿಳಿಯಿತು. ಅಕ್ಕ ಕೂಸನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಹೊರಡಲು ಅಪ್ಪಣೆ ಕೇಳುತ್ತಾ ನಿಂತಿದ್ದಳು. ಅದು ಅತ್ತೆಗೆ ಮೊದಲ ದಿನದಿಂದಲೂ ಗೊತ್ತಿತ್ತು.

ನಾನು ಅತ್ತೆಯ ಪರವಾಗಿ ಏನೂ ವಾದಿಸಲಿಲ್ಲ. ಅವರೂ ಪ್ರತಿ ಸಂಜೆ ಆಕೆಯನ್ನು ನೋಡುತ್ತಾರೆ, ಕೈಯಲ್ಲಿ ಗಂಟು ಹಿಡಿದದ್ದನ್ನೇ ನೋಡುತ್ತಾರೆ ಅಂತ ಮಾತ್ರ ಹೇಳಿದೆ. ಅವ್ವ ಕೆಮ್ಮಣ್ಣಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ "ಹಂಗಾದ್ರೆ ನಿಮ್ಮತ್ತಿನೂ ನೆಮ್ಮದಿಯಾಗಿ ಉಂಡು ಮಲಗಿಲ್ಲ ಅನ್ನು" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಮತ್ತೆ ಎಂಟು ದಿನಕ್ಕೆ ನನ್ನ ಮುಖ ಮುಖದ ಹಾಗಾಯಿತು. ನಮ್ಮನೆಯವರು ಕರೆಯಲು ಬಂದರು. ಆ ಬೆಳಗ್ಗೆ ಅವ್ವ ಗೂಡಿನಿಂದ ಬಿಲ್ಲೆ ತೆಗೆದು, ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಕಿ ಮೂಗು ಹಿಂಗಿರ್ಲಿಲ್ಲ" ಅಂದರು. "ನೆಟ್ಟಗಿತ್ತು. ಎಡಗಡೆ ಹುಬ್ಬಿನ ಮ್ಯಾಲೊಂದು ಗಾಯದ ಕಲೆ, ಜೋಕಾಲಿಂದ ಬಿದ್ದಿದ್ಲು. ಕೂಸಿನ ಬಾಯಿ ನೋಡು, ಅದೇ ಬಾಯಿ."

ಎರಡು ವರ್ಷ ನಾನು ಹರಟೆ ಹೊಡೆದವಳಿಗೆ ಆ ಬೆಳಗ್ಗೆ ಮುಖ ಬಂತು.

ನನ್ನನ್ನೂ ಕೂಸನ್ನೂ ಮಣೆಯ ಮೇಲೆ ಅಕ್ಕಪಕ್ಕ ಕೂರಿಸಿ ಇಬ್ಬರಿಗೂ ಉಡಿ ತುಂಬಿದರು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು. ಕೂಸಿನ ಉಡಿ ಚಿಕ್ಕದು, ಅಕ್ಕಿ ಚೆಲ್ಲಿ ಹೋಯಿತು. ನಾನು ಏನೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅನ್ನುವ ಹೆದರಿಕೆ. ಅವರೇ ಕೂಸಿನ ಜಡೆ ಸರಿಮಾಡುತ್ತಾ ಹೇಳಿದರು:

"ಇದನ್ನ ಕರಕೊಂಡು ಹೋಗು. ಸಾಲಿಗೆ ಹಾಕು. ಪಂಚಮಿಗೆ ಮಾತ್ರ ನೀವಿಬ್ರೂ ಇಲ್ಲಿರಬೇಕು." ಆಮೇಲೆ ಮುಚ್ಚಿದ ಮುಷ್ಟಿ ತೋರಿಸಿದರು. "ಅಕಿನ್ನ ಇಲ್ಲೇ ಬಿಟ್ಟು ಹೋಗವ್ವ."

"ಬಿಲ್ಲೆ ನಿಮ್ಮ ಮನಿಯಾಗೆ ಇಟ್ಕೊಂತೀರಾ? ಹೆದರಿಕೆ ಆಗಲ್ವಾ?" ಅಂದೆ. ಸವತಿ ಬಿಲ್ಲೆಯನ್ನು ತಾಯಿಯ ಮನೆಯಲ್ಲಿ ಇಟ್ಟದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ.

"ಏ ಹುಚ್ಚಿ. ನಿಂಗೆ ಸವತಿ. ನಿಮ್ಮತ್ತಿಗೆ ದೆವ್ವ. ನಂಗೆ ಮಗಳಲ್ಲೇನೇ?"

ಬಾಯಿಬಡುಕಿ ಅಂತ ಊರಲ್ಲಿ ಹೆಸರು ತೆಗೆದುಕೊಂಡವಳು ತಲೆಯಾಡಿಸಿ, ಕಾಲಿಗೆ ನಮಸ್ಕಾರ ಮಾಡಿ, ಕೂಸಿನ ಕೈ ಹಿಡಿದು ಹೊರಟೆ.

ರೈಲಿನಲ್ಲಿ ಕೂಸು ಕಿಟಕಿಯ ಹತ್ತಿರ ಕೂತು ಅಪ್ಪನಿಗೆ ನೂರೆಂಟು ಪ್ರಶ್ನೆ ಕೇಳುತ್ತಿತ್ತು. ಅವರು ಒಂದಕ್ಕೂ ಸರಿಯಾಗಿ ಉತ್ತರ ಕೊಡದೆ ಅದರ ಮುಖವನ್ನೇ ನೋಡುತ್ತಿದ್ದರು. ನನಗೆ ಮಾತ್ರ ಕೊರಳಿನದೇ ಚಿಂತೆ. ಬೋಳು ಕೊರಳು ಕಂಡರೆ ಅತ್ತೆ ಏನನ್ನುತ್ತಾರೆ? ಹೊಳೆಯಲ್ಲಿ ಜಾರಿ ಬಿತ್ತು ಅನ್ನಲೇ? ಕಳ್ಳರು ಕಿತ್ತುಕೊಂಡರು ಅನ್ನಲೇ? ಬಿಲ್ಲೆಯ ಕಾವಲಿಲ್ಲದ ಸೊಸೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ. ತಂದ ಕೂಸನ್ನೂ ತಿರುಗಿ ಕಳಿಸು ಅಂದರೆ? ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ಐದು ಸುಳ್ಳು ಕಟ್ಟಿ ಐದನ್ನೂ ಬಿಟ್ಟಿದ್ದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೂಸನ್ನು ಕಂಡವರೇ ಬಗ್ಗಿ ಬಾಚಿ ತಬ್ಬಿಕೊಂಡರು. ಅದರ ತಲೆಯ ಮೇಲಿನಿಂದ ಅವರ ಕಣ್ಣು ನನ್ನ ಕೊರಳಿಗೆ ಬಂತು. ಅಲ್ಲೇ ನಿಂತಿತು.

"ಅಕಿ ಎಲ್ಲೇ?"

ಕಟ್ಟಿದ ಸುಳ್ಳೊಂದೂ ನೆನಪಿಗೆ ಬರಲಿಲ್ಲ. ಇದ್ದದ್ದೇ ಬಾಯಿಗೆ ಬಂತು.

"ತವರಿಗೆ ಹೋಗ್ಯಾಳ್ರಿ ಅತ್ತಿ. ಅವರವ್ವ ಇಟ್ಕೊಂಡ್ರು."

ಅತ್ತೆ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತರು. ಕೂಸು ಅವರ ತೊಡೆಯ ಮೇಲೆ. ನಮ್ಮನೆಯವರು ಗಾಬರಿಯಿಂದ ನೀರು ತರಲು ಓಡಿದರು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೂಸಿನ ತಲೆ ಸವರುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು:

"ಹೋದ್ಲಾ... ಇರ್ಲಿ ಬಿಡು. ಎಷ್ಟು ದಿನ ಬೇಕಾದ್ರೂ ಇರ್ಲಿ. ಕರಿಯಾಕೆ ಯಾರೂ ಹೋಗಬ್ಯಾಡ್ರಿ."